ಒಂದು ಕುರಿ ಕಡಿಮೆ

ಸೆಪ್ಟೆಂಬರ್ 1, ಭಾನುವಾರ

ಆ ಪರದೆ ಹೊಲಿದುಕೊಟ್ಟವಳು ನಾನೇ. ನೆನೆಸಿಕೊಂಡರೆ ಮೈಯೆಲ್ಲಾ ಉರಿಯುತ್ತದೆ. ಚರ್ಚಿನ ಹಿಂದೆ ಸಂಡೇ ಸ್ಕೂಲ್ ನಡೆಯುವ ಹಾಲ್ ಎರಡು ಭಾಗ ಆಗಬೇಕು, ಒಂದು ದಪ್ಪ ಪರದೆ ಹೊಲಿದುಕೊಡಿ ಎಂದು ಪಾದ್ರಿಗಳು ಹೋದ ತಿಂಗಳು ಕೇಳಿದರು. ಯಾಕೆ ಏನು ಎಂದು ವಿಚಾರಿಸದೆ ಅಂಚು ಮಡಿಸಿ, ಡಬಲ್ ಹೊಲಿಗೆ ಹಾಕಿ, ಉಂಗುರ ಕೂರಿಸಿ ಕೊಟ್ಟೆ. ಯಾಕೆ ಎಂದು ಇವತ್ತು ಗೊತ್ತಾಯಿತು. ಪರದೆಯ ಆ ಕಡೆ ಚಿಕ್ಕ ಮಕ್ಕಳೆಲ್ಲ, ನನ್ನ ತಮ್ಮನ ಹೆಂಡತಿಯ ಜೊತೆ. ಈ ಕಡೆ ನಾನು, ಆಕಳಿಸುವ ನಾಲ್ಕು ದೊಡ್ಡ ಮಕ್ಕಳ ಜೊತೆ.

"ಈ ತಿಂಗಳೊಂದು ನೋಡೋಣಮ್ಮ," ಎಂದರು ಪಾದ್ರಿಗಳು. "ಅವರು ಏನೋ ಹೊಸ ಥರ ಕಲಿಸ್ತಾರಂತೆ, ಮಕ್ಕಳ ಕೈಯಲ್ಲೇ ಮಾಡಿಸಿ. ತಿಂಗಳ ಕೊನೆಗೆ ತೀರ್ಮಾನ ಮಾಡೋಣ."

ಏನು ತೀರ್ಮಾನ? ಈ ಸಭೆಯ ಅರ್ಧ ಜನ ಮೂಗು ಸುರಿಸಿಕೊಂಡು ನನ್ನ ಮುಂದೆ ಕೂತು ಕರ್ತನ ಪ್ರಾರ್ಥನೆ ಕಲಿತವರು. ವಚನ ಬಾಯಿಪಾಠ ಬರದಿದ್ದರೆ ಮೂಲೆಯಲ್ಲಿ ನಿಲ್ಲಿಸುತ್ತಿದ್ದೆ, ಹೌದು. ಅದಕ್ಕೇ ಇವತ್ತಿಗೂ ಒಂದಕ್ಷರ ತಪ್ಪದೆ ಹೇಳುತ್ತಾರೆ. ಆ ತರಗತಿ ನನ್ನದು. ಅದನ್ನು ಕಿತ್ತುಕೊಂಡರೆ ನನಗೆ ಉಳಿಯುವುದು ಹೊಲಿಗೆ ಮಷೀನು ಒಂದೇ.

ತಮ್ಮನ ಹೆಂಡತಿ ಇವತ್ತು ಮಾಡಿಸಿದ್ದು ಪ್ರಾರ್ಥನೆಯ ಕೈ ಅಂತೆ. ಅಂಗೈಯನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆಯುವುದು, ಕತ್ತರಿಸುವುದು, ಎರಡು ಕೈ ಜೋಡಿಸಿ ಅಂಟಿಸುವುದು, ಬೆರಳಿಗೊಬ್ಬರಂತೆ ಚಿತ್ರ ಬರೆದು ಅವರಿಗಾಗಿ ಬೇಡಿಕೊಳ್ಳುವುದು. ಕೈ ಮುಗಿಯುವುದಕ್ಕೂ ಕಾಗದ ಬೇಕೇ? ಪರದೆಯಾಚೆ ನಗುವೋ ನಗು. ಪ್ರಾರ್ಥನೆಯಲ್ಲಿ ನಗು ಎಲ್ಲಿಂದ ಬಂತು ಎಂದು ನನಗೆ ತಿಳಿಯದು.

ಮೊಮ್ಮಗಳು ಗುಬ್ಬಿಯ ಕೂದಲಿಗೆಲ್ಲಾ ಅಂಟು ಮೆತ್ತಿತ್ತು. ಮಗಳು ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದಾಗಿನಿಂದ ಈ ಆರು ವರ್ಷದವಳು ನಮ್ಮಲ್ಲೇ ಇದ್ದಾಳೆ. ತಲೆ ತೊಳೆಯುತ್ತಾ, "ಅಂಟು ಟೀಚರ್ ಅಂತ ಹೆಸರಿಡಬೇಕು ಅವಳಿಗೆ" ಎಂದು ಸಿಟ್ಟಿನಲ್ಲಿ ಅಂದೆ. ಗುಬ್ಬಿ ನೊರೆಯೊಳಗೇ ಕಿಲಕಿಲ ನಕ್ಕಳು.

ಸೆಪ್ಟೆಂಬರ್ 4, ಬುಧವಾರ

ಅವಳಿಗೇನು ಬರುವುದೋ ಅದು ನನಗೆ ಬರುವುದಿಲ್ಲವೇ? ಕತ್ತರಿ ಹಿಡಿದು ಬೆಳೆದವಳು ನಾನು. ಮಧ್ಯಾಹ್ನ ಮನೆ ಮುಂದಿನ ನನ್ನ ಹೊಲಿಗೆ ಅಂಗಡಿಯ ಬಾಗಿಲು ಓರೆ ಮಾಡಿ, ತುಂಡು ಬಟ್ಟೆಗಳನ್ನು ಹರಡಿ, "ಬಾ, ಪ್ರಾರ್ಥನೆಯ ಸರಪಳಿ ಮಾಡೋಣ, ದಿನಕ್ಕೊಂದು ಕೊಂಡಿ" ಎಂದು ಗುಬ್ಬಿಯನ್ನು ಕೂರಿಸಿಕೊಂಡೆ. ಅವಳು ಕತ್ತರಿಸಿದ್ದು ಅಂಕುಡೊಂಕು. "ತಾ ಇಲ್ಲಿ, ನಾನು ಕತ್ತರಿಸ್ತೀನಿ" ಎಂದೆ. ಸೇರಿಸಿದ್ದು ಒಂದು ಮೇಲೆ ಒಂದು ಕೆಳಗೆ. "ಬಿಡು, ನಾನು ಹೊಲಿತೀನಿ" ಎಂದೆ. ಬಣ್ಣಕ್ಕೆ ಬಣ್ಣ ಹೊಂದಿಸಿ, ಒಂದೇ ಅಳತೆಯಲ್ಲಿ, ಬಹಳ ಚೆನ್ನಾಗಿ ಬಂತು. ಮುಗಿಸಿ ತಲೆ ಎತ್ತಿದರೆ ಗುಬ್ಬಿ ಇಲ್ಲ. ಹೊರಗೆ ತಾತನ ಜೊತೆ ಸೈಕಲ್ ತೊಳೆಯುತ್ತಿದ್ದಳು.

ಸರಪಳಿ ನೋಡಿ ಇವರು, "ಅಂಗಡಿಗೆ ತೋರಣನಾ?" ಎಂದರು. ಜೀವಮಾನವಿಡೀ ಬಸ್ಸು ಓಡಿಸಿದವರು, ನಿಲ್ಲಿಸಬಾರದ ಜಾಗದಲ್ಲೇ ಬ್ರೇಕ್ ಹಾಕುತ್ತಾರೆ.

ಸೆಪ್ಟೆಂಬರ್ 6, ಶುಕ್ರವಾರ

ಅವಳು ಅಂಗಡಿಗೆ ಬಂದಿದ್ದಳು. "ಅತ್ತಿಗೆ, ದಿಂಬಿಗೆ ತುಂಬೋ ಹತ್ತಿ ಮಿಕ್ಕಿದ್ರೆ ಸ್ವಲ್ಪ ಕೊಡ್ತೀರಾ? ಮಕ್ಕಳ ಹತ್ರ ಕುರಿ ಮಾಡಿಸ್ಬೇಕು." ಇಲ್ಲ ಎನ್ನಲು ಬಾಯಿ ಬರಲಿಲ್ಲ, ಮೂಟೆ ಅವಳ ಎದುರಿಗೇ ಇತ್ತು. ಹಾಗೇ ಗೋಡೆಗೆ ಕಣ್ಣು ಹಾಯಿಸಿ, "ಅಯ್ಯೋ, ಈ ಸರಪಳಿ ಎಷ್ಟು ಚೆನ್ನಾಗಿದೆ! ನೀವೇ ಮಾಡಿದ್ದಾ?" ಎಂದಳು. ಹೊಗಳಿಕೆಗೂ ಒಂದು ಲೆಕ್ಕ ಇರುತ್ತದೆ. ಹತ್ತಿ ಬೇಕಿತ್ತು, ಹೊಗಳಿದಳು.

ಸೆಪ್ಟೆಂಬರ್ 8, ಭಾನುವಾರ

ಇಡೀ ಸಭೆಯ ಮಕ್ಕಳು ಅವಳನ್ನು ಅಂಟು ಟೀಚರ್ ಎಂದೇ ಕರೆಯುತ್ತಿದ್ದಾರೆ. ಅವಳಿಗೆ ಅದು ಇಷ್ಟವಂತೆ. ನಾನು ಬೈಯಲು ಇಟ್ಟ ಹೆಸರು ಅವಳಿಗೆ ಬಿರುದಾಯಿತು. ನನ್ನ ಹಣೆಬರಹವೇ ಇಷ್ಟು.

ಕುರಿಗಳು ತಯಾರಾಗಿವೆ. ಬೆಂಕಿಕಡ್ಡಿಯ ಕಾಲು, ಮೇಲೆ ನನ್ನ ಹತ್ತಿ. ಕಿಟಕಿಯ ಕಟ್ಟೆಯ ಮೇಲೆ ಒಣಗಲು ಸಾಲಾಗಿ ನಿಂತಿವೆ. ಆರಾಧನೆ ಮುಗಿದ ಮೇಲೆ ಅಪ್ಪ ಅಮ್ಮಂದಿರು ಬಗ್ಗಿ ಬಗ್ಗಿ ನೋಡಿದರು. ನಾನು ಕಲಿಸಿದ ವಚನಗಳನ್ನು ಯಾರೂ ಬಗ್ಗಿ ನೋಡಿದವರಿಲ್ಲ.

ಸೆಪ್ಟೆಂಬರ್ 15, ಭಾನುವಾರ

ಇವತ್ತು ನಡೆದದ್ದನ್ನು ಯಾರಿಗೂ ಹೇಳುವಂತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಳೆದುಹೋದ ಕುರಿಯ ಪಾಠ. ಮಕ್ಕಳು ಕಣ್ಣು ಮುಚ್ಚಿ ಹಾಡುತ್ತಿದ್ದಾಗ ಅವಳು ಕುರಿಗಳನ್ನೆಲ್ಲ ಹಾಲ್ ತುಂಬಾ ಬಚ್ಚಿಟ್ಟಳು. ಎಲ್ಲ ಸಿಗುವ ತನಕ ಹುಡುಕಬೇಕು, ಕುರುಬ ಒಂದನ್ನೂ ಬಿಡುವುದಿಲ್ಲ ಎಂದಳು. ಗದ್ದಲವೋ ಗದ್ದಲ. ಬೆಂಚು ಎಳೆದಾಡಿದರು, ಪಾದ್ರಿಗಳ ಕೋಟಿನ ಜೇಬಿಗೂ ಕೈ ಹಾಕಿದರಂತೆ. ನನ್ನ ನಾಲ್ವರು ದೊಡ್ಡವರು ಪಾಠ ಕೇಳುವುದು ಬಿಟ್ಟು ಪರದೆಯ ಸಂದಿಯಲ್ಲಿ ಇಣುಕುತ್ತಿದ್ದರು.

ಕನ್ನಡಕಕ್ಕೆಂದು ಬ್ಯಾಗಿಗೆ ಕೈ ಹಾಕಿದೆ. ಮೆತ್ತಗೆ ಏನೋ ತಗುಲಿತು. ಕುರಿ. ಯಾವ ತುಂಟನ ಕೈಚಳಕವೋ ಅಂದುಕೊಂಡೆ. ತೀರಾ ಒರಟು ಕೆಲಸ, ಒಂದು ಕಾಲಿಗೆ ಬಿಳಿ ದಾರವನ್ನು ಗಂಟುಗಂಟಾಗಿ ಸುತ್ತಿ ದಂಡ ಮಾಡಿದ್ದರು. ಅಷ್ಟರಲ್ಲಿ ಆ ಕಡೆಯಿಂದ "ಇನ್ನೊಂದು! ಇನ್ನೊಂದೇ ಒಂದು!" ಎಂದು ಕೂಗು ಕೇಳಿತು. ಗುಬ್ಬಿಯೂ ಇನ್ನಿಬ್ಬರೂ ಪರದೆಯ ಅಡಿಯಿಂದ ತಲೆ ತೂರಿಸಿ, "ಅಜ್ಜಿ, ಇಲ್ಲಿಗೆ ಕುರಿ ಬಂತಾ?" ಎಂದು ಕೇಳಿದರು.

"ಇಲ್ಲಿ ಪಾಠ ನಡೀತಿದೆ," ಎಂದೆ.

ಅದು ಸುಳ್ಳಲ್ಲ. ಪಾಠ ನಡೆಯುತ್ತಲೇ ಇತ್ತು. ಕುರಿಯನ್ನು ಅಳತೆ ಟೇಪಿನ ಕೆಳಗೆ ಒತ್ತಿ ಬ್ಯಾಗಿನ ಜಿಪ್ ಎಳೆದೆ.

ಗಂಟೆ ಹೊಡೆಯುವ ತನಕ ಹುಡುಕಿದರು. ಒಂದು ಕಡಿಮೆಯಾಗಿಯೇ ಉಳಿಯಿತು. ಚಿಕ್ಕವರು ಕೆಲವರು ಅಳಲು ಶುರು ಮಾಡಿದರು. ಅವಳು ಪರದೆ ಸರಿಸಿ ನನ್ನ ಕಡೆ ನೋಡಿದಳು, ತುಂಬಾ ಹೊತ್ತು ನೋಡಿದಳು. ಸೋತ ಮುಖ. ಸಂತೋಷವಾಯಿತು ನನಗೆ, ಸುಳ್ಳೇಕೆ ಹೇಳಲಿ. ಬಾಯಿಪಾಠ ಮಾಡಿಸಿದ್ದರೆ ಕಳೆದುಹೋಗುವಂಥದ್ದು ಏನೂ ಇರುತ್ತಿರಲಿಲ್ಲ.

ಕುರಿ ಈಗ ಗುಂಡಿಗಳ ಡಬ್ಬಿಯಲ್ಲಿದೆ.

ಸೆಪ್ಟೆಂಬರ್ 16, ಸೋಮವಾರ

ಅದು ಗುಬ್ಬಿಯ ಕುರಿಯಂತೆ. ಮಲಗುವ ಮುಂಚೆ ಮಂಚದ ಮೇಲೆ ಮಂಡಿಯೂರಿ, ಕಣ್ಣೊಂದು ಅರೆ ತೆರೆದು ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಯೇಸಪ್ಪಾ, ಅಮ್ಮನ ಕಾಲು ಸರಿ ಮಾಡು. ಅಪ್ಪ ಆಸ್ಪತ್ರೆ ಕುರ್ಚಿ ಮೇಲೇ ಮಲಗ್ತಾರೆ, ಅವರ ಕತ್ತು ನೋಯೋದು ಬೇಡ. ನನ್ನ ಕುರಿ ಸಿಗಲಿ. ಅದಕ್ಕೆ ಜೋರಾಗಿ ಓಡಕ್ಕಾಗಲ್ಲ, ಹತ್ತಿರದಲ್ಲೇ ಎಲ್ಲೋ ಇರುತ್ತೆ."

"ಹತ್ತಿ ಕುರಿಗೆಲ್ಲಾ ಪ್ರಾರ್ಥನೆ ಮಾಡ್ತಾರೇನೇ? ದೇವರಿಗೆ ಬೇರೆ ಕೆಲಸ ಇಲ್ವಾ? ಕಣ್ಣು ಪೂರ್ತಿ ಮುಚ್ಚಿ ಕರ್ತನ ಪ್ರಾರ್ಥನೆ ಹೇಳು," ಎಂದೆ.

ಹೇಳಿದಳು, ಒಂದಕ್ಷರ ತಪ್ಪದೆ. ಆಮೇಲೆ ಹೊದಿಕೆಯೊಳಗಿನಿಂದ, "ಅಂಟು ಟೀಚರ್ ಹುಡುಕೇ ಹುಡುಕ್ತಾರೆ ಅಜ್ಜಿ, ನೀನು ನೋಡ್ತಿರು," ಎಂದಳು.

ಎದ್ದುಹೋಗಿ ಡಬ್ಬಿ ತರಬೇಕು ಎಂದಿದ್ದವಳು ಅಲ್ಲೇ ಕೂತೆ. ಹುಡುಕಲಿ ಹಾಗಾದರೆ, ನಾನೂ ನೋಡುತ್ತೇನೆ.

ಸೆಪ್ಟೆಂಬರ್ 18, ಬುಧವಾರ

ಗುಬ್ಬಿ ತನ್ನ ಅಂಗಿಯ ಗುಂಡಿ ಕಿತ್ತುಕೊಂಡು ಬಂದು ಡಬ್ಬಿಗೆ ಕೈ ಹಾಕಿದಳು. ಕಿತ್ತುಕೊಂಡೆ. ಜೋರಾಗಿಯೇ ಕಿತ್ತುಕೊಂಡೆ ಅನ್ನಿಸುತ್ತದೆ, ಮಗು ಬೆಚ್ಚಿಬಿದ್ದಳು. "ಸೂಜಿ ಇದೆ ಅದ್ರಲ್ಲಿ," ಎಂದೆ. ಸೂಜಿ ಇರಲಿಲ್ಲ.

ಎರಡು ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ತಪ್ಪು ಕಡೆ ಹೊಲಿದೆ. ಇಷ್ಟು ವರ್ಷದಲ್ಲಿ ಹೀಗಾಗಿರಲಿಲ್ಲ.

ಸೆಪ್ಟೆಂಬರ್ 20, ಶುಕ್ರವಾರ

ಮಗಳನ್ನು ಇವತ್ತು ಮನೆಗೆ ಕಳಿಸಬೇಕಿತ್ತು. ಹೊಲಿಗೆ ಹಾಕಿದ ಜಾಗ ಇನ್ನೂ ಹಸಿಯಾಗಿದೆ, ಇನ್ನೊಂದು ವಾರ ಇರಲಿ ಎಂದು ಡಾಕ್ಟರು ಹೇಳಿದರಂತೆ. ಅಳಿಯ ಫೋನಿನಲ್ಲಿ ಹೇಳಿದ್ದನ್ನು ಗುಬ್ಬಿಗೆ ಹೇಳಿದೆ. ಅವಳು ಅಳಲಿಲ್ಲ. ಹಾಲಿನ ಲೋಟ ದೂರ ತಳ್ಳಿ, "ಗೊತ್ತಿತ್ತು," ಎಂದಳು.

"ಏನೇ ಗೊತ್ತಿತ್ತು?"

"ಕುರಿ ಸಿಕ್ಕಿಲ್ವಲ್ಲ ಅಜ್ಜಿ. ಅದು ಅಮ್ಮ. ಅದಕ್ಕೇ ಕಾಲಿಗೆ ಬ್ಯಾಂಡೇಜ್ ಕಟ್ಟಿದ್ದೆ. ಎಲ್ರ ಕುರಿನೂ ಸಿಕ್ತು, ಅಮ್ಮ ಮಾತ್ರ ಸಿಗ್ಲಿಲ್ಲ. ಅಮ್ಮ ಇನ್ನು ಬರಲ್ಲ."

ದಾರ ದಂಡ ಎಂದು ಬರೆದಿದ್ದೇನೆ, ಹಿಂದಿನ ಪುಟದಲ್ಲಿ. ಥೂ ನನ್ನ ಜನ್ಮಕ್ಕೆ.

"ಹಾಗೆಲ್ಲಾ ಏನಿಲ್ಲ ಕಂದ, ಹತ್ತಿಗೂ ಅಮ್ಮನಿಗೂ ಏನು ಸಂಬಂಧ" ಎಂದು ಎಷ್ಟು ಹೇಳಿದರೂ ಗೋಡೆಯ ಕಡೆ ತಿರುಗಿ ಮಲಗಿದಳು. ಇವತ್ತು ಪ್ರಾರ್ಥನೆ ಮಾಡಲಿಲ್ಲ. ನಾನು ಹೇಳಿಕೊಟ್ಟದ್ದನ್ನೂ ಹೇಳಲಿಲ್ಲ, ಅವಳದ್ದನ್ನೂ ಹೇಳಲಿಲ್ಲ. ಡಬ್ಬಿ ಪಕ್ಕದ ಕೋಣೆಯಲ್ಲೇ ಇತ್ತು. ತಂದು ಕೈಗಿಟ್ಟರೆ, "ಡಬ್ಬಿಯೊಳಗೆ ಹೇಗೆ ಬಂತು ಅಜ್ಜಿ?" ಎಂದು ಕೇಳುತ್ತಾಳೆ. ಆ ಮಾತಿಗೆ ಹೆದರಿ ಕೂತೆ. ಆರು ವರ್ಷದ ಮಗುವಿಗೆ ಹೆದರಿ ಕೂತಿದ್ದೇನೆ.

ಸೆಪ್ಟೆಂಬರ್ 21, ಶನಿವಾರ

ಪರದೆಯ ಉಂಗುರ ಸರಿಮಾಡಬೇಕೆಂದು ಪಾದ್ರಿಗಳ ಮನೆಯಿಂದ ಬೀಗದ ಕೈ ಇಸಿದುಕೊಂಡು ಹೋಗಿ, ಹಾಲ್‌ನ ಮುಂದಿನ ಬೆಂಚಿನ ಕೆಳಗೆ, ಎದ್ದು ಕಾಣುವ ಹಾಗೆ ಕುರಿಯನ್ನು ನಿಲ್ಲಿಸಿ ಬಂದೆ. ನಾಳೆ ಕಾಲಿಟ್ಟ ತಕ್ಷಣ ಸಿಗುತ್ತದೆ. ಅವಳಿಗೆ ಹೆಸರು ಬರುತ್ತದೆ, ಬರಲಿ. ಮಗು ಹಾಲು ಕುಡಿದರೆ ಸಾಕು.

ಸೆಪ್ಟೆಂಬರ್ 22, ಭಾನುವಾರ

ಅವರು ಅಲ್ಲಿ ನೋಡಲೇ ಇಲ್ಲ.

ಹಾಲ್ ಪೂರ್ತಿ ಹುಡುಕಿದರು. ಹಾರ್ಮೋನಿಯಂ ಹಿಂದೆ, ಕಸದ ಬುಟ್ಟಿಯಲ್ಲಿ, ಕಿಟಕಿಯ ಸರಳಿನ ಮಧ್ಯೆ, ಎಲ್ಲ ನೋಡಿದರು. ನಾನು ಪರದೆಯ ಈ ಕಡೆ ಕುದಿಯುತ್ತಾ ಕೂತಿದ್ದೆ. ತಡೆಯಲಾರದೆ ಕೂಗಿದೆ, "ಮುಂದಿನ ಬೆಂಚಿನ ಕೆಳಗೆ ನೋಡಿದ್ರೇನ್ರೋ?"

"ಹೋದ ವಾರಾನೇ ನೋಡಾಯ್ತು ಅಜ್ಜಿ!"

"ಇನ್ನೊಂದ್ಸಲ ನೋಡಿದ್ರೆ ಗಂಟು ಹೋಗುತ್ತಾ?"

"ಇಲ್ಲಾ ಅಜ್ಜಿ, ಈ ವಾರ ಹೊಸ ಜಾಗ ಮಾತ್ರ!"

ಗುಬ್ಬಿ ಹುಡುಕುತ್ತಿರಲಿಲ್ಲ. ಗೋಡೆಗೆ ಒರಗಿ ನಿಂತಿದ್ದಳು. ಅದನ್ನು ತಮ್ಮನ ಹೆಂಡತಿಯೂ ನೋಡಿದಳು, ಪರದೆಯ ಸಂದಿಯಿಂದ ನಾನೂ ನೋಡಿದೆ. ಆಗ ಅವಳು ಪರದೆಯನ್ನು ಆ ತುದಿಯಿಂದ ಈ ತುದಿಗೆ ಸರ್ರನೆ ಎಳೆದಳು. "ಮಕ್ಕಳೇ, ಒಂದು ಜಾಗ ಬಿಟ್ಟುಹೋಗಿದೆ. ಅಜ್ಜಿಯ ಬ್ಯಾಗು. ಅತ್ತಿಗೆ, ಒಂದ್ಸಲ ನೋಡ್ತೀರಾ? ನಿಮಗೇ ಗೊತ್ತಿಲ್ದೆ ಒಳಗೆ ಹೋಗಿ ಕೂತಿರಬಹುದು."

ಮಕ್ಕಳೆಲ್ಲ ಒಮ್ಮೆಗೇ ನನ್ನ ಸುತ್ತ ಮುತ್ತಿಕೊಂಡರು. ಈ ತಿಂಗಳೆಲ್ಲಾ ನಾನು ಕನಸು ಕಾಣುತ್ತಿದ್ದದ್ದು ಇದನ್ನೇ. ಬ್ಯಾಗು ಬೋರಲು ಹಾಕಿದೆ. ಕನ್ನಡಕ, ಟೇಪು, ಸೀಮೆಸುಣ್ಣ, ದಾರ ಸುತ್ತಿದ ಒಂದು ಬಾಬಿನ್, ಕೆಮ್ಮಿನ ಮಾತ್ರೆ. ಕುರಿ ಇಲ್ಲ.

ಅವಳ ಮುಖ ಬಿಳಿಚಿಕೊಂಡಿತು. ಬಗ್ಗಿ ನನ್ನ ಕಿವಿಯಲ್ಲಿ, "ಅತ್ತಿಗೆ, ನಾನೇ ಅದ್ರಲ್ಲಿ ಇಟ್ಟಿದ್ದೆ. ಕೊನೇ ಕುರಿ ನಿಮ್ಮ ಹತ್ರ ಸಿಗ್ಲಿ, ಮಕ್ಕಳೆಲ್ಲ ಪರದೆ ದಾಟಿ ನಿಮ್ಮ ಹತ್ರ ಓಡಿ ಬರ್ಲಿ ಅಂತ. ಹೋದ ವಾರ ನೀವೇ ನೋಡಿ ತೆಗೀತೀರಿ ಅಂತ ಕಾದೆ. ಎಲ್ಲಿ ಬಿದ್ದುಹೋಯ್ತೋ ಏನೋ, ನನ್ನಿಂದ ಎಂಥ ತಪ್ಪಾಯ್ತು," ಎಂದಳು. ಕಣ್ಣಲ್ಲಿ ನೀರು.

ತನ್ನ ತಪ್ಪು ಅಂದುಕೊಂಡಿದ್ದಳು. ಹಾಗೇ ಅಂದುಕೊಳ್ಳಲಿ ಎಂದು ಸುಮ್ಮನಿರಬಹುದಿತ್ತು. ಆದರೆ ಗುಬ್ಬಿ ಗೋಡೆ ಬಿಟ್ಟು ಮುಂದೆ ಬಂದು, ಖಾಲಿ ಬ್ಯಾಗಿನ ಒಳಗೆ ತಲೆ ಹಾಕಿ ನೋಡಿ, ಮತ್ತೆ ಗೋಡೆಗೆ ಹೋಗಿ ಒರಗಿದಳು.

"ಬಿದ್ದಿಲ್ಲ," ಎಂದೆ. "ಬ್ಯಾಗಲ್ಲೇ ಇತ್ತು. ಸಿಕ್ಕಿದ್ರೂ ಸಿಕ್ಕಿಲ್ಲ ಅನ್ನೋ ಹಾಗೆ ನಾನೇ ಬಚ್ಚಿಟ್ಟೆ."

ಆಮೇಲೆ ಮುಂದಿನ ಬೆಂಚಿನ ಹತ್ತಿರ ಹೋಗಿ, ಮಂಡಿ ನೋವನ್ನು ಶಪಿಸುತ್ತಾ ನೆಲಕ್ಕೆ ಬಗ್ಗಿ, ಕೈಚಾಚಿ ಅದನ್ನು ಹೊರತೆಗೆದೆ. ಗುಬ್ಬಿ ಕಸಿದುಕೊಂಡು ಎದೆಗೊತ್ತಿಕೊಂಡಳು. ಕಾಲಿನ ದಾರ ನೋಡಿದಳು, ಸರಿಯಾಗಿತ್ತು. ಆಮೇಲೆ ನನ್ನನ್ನು ನೋಡಿದಳು.

"ಯಾಕಜ್ಜಿ?"

"ನೀವೆಲ್ಲಾ ಅವರ ಹತ್ರ ಹೋಗ್ತೀರಿ ಅಂತ. ಹೊಟ್ಟೆಕಿಚ್ಚು."

ನನ್ನ ನಾಲ್ವರು ದೊಡ್ಡವರು ಮೊದಲ ಸಲ ಪೂರ್ತಿ ಎಚ್ಚರವಾಗಿದ್ದರು. ಹಲ್ಲು ಬಿದ್ದ ಒಬ್ಬ ಚಿಕ್ಕವಳು ಕೇಳಿದಳು, "ಅಜ್ಜೀನ ಮೂಲೇಲಿ ನಿಲ್ಲಿಸ್ಬೇಕಾ ಟೀಚರ್?"

"ಏಯ್, ಬೇಡ ಬೇಡ," ಎಂದು ತಮ್ಮನ ಹೆಂಡತಿ ಗಾಬರಿಯಾದಳು. ಆದರೆ ನಿಯಮ ಮಾಡಿದವಳು ನಾನಲ್ಲವೇ? ಹೋಗಿ ನಿಂತೆ. ಗಂಟೆ ಹೊಡೆಯುವ ತನಕ ನಿಂತಿದ್ದೆ. ಆ ಮೂಲೆಯ ಗೋಡೆಯಲ್ಲಿ ಮಕ್ಕಳ ಉಗುರಿನ ಗೀರುಗಳಿವೆ. ಇಷ್ಟು ವರ್ಷ ನನಗೆ ಕಂಡಿರಲಿಲ್ಲ.

ಸೆಪ್ಟೆಂಬರ್ 23, ಸೋಮವಾರ

ಗುಬ್ಬಿ ಹಾಲು ಕುಡಿದಳು. ನನ್ನ ಜೊತೆ ಮಾತಿಲ್ಲ.

ಸೆಪ್ಟೆಂಬರ್ 24, ಮಂಗಳವಾರ

ಮಾತಿಲ್ಲ. ಪ್ರಾರ್ಥನೆಯನ್ನೂ ತಾತನ ಹತ್ತಿರ ಹೋಗಿ ಮಾಡಿದಳು. ಇವರಿಗೆ ಕಿವಿ ಮಂದ, ಅದಕ್ಕೇ ಜೋರಾಗಿ ಹೇಳಿದಳು. ಇಲ್ಲಿಗೆ ಕೇಳಿಸಿತು. ಅಮ್ಮ, ಅಪ್ಪನ ಕತ್ತು, ತಾತನ ಕೆಮ್ಮು, ಅಂಟು ಟೀಚರ್, ಪಕ್ಕದ ಮನೆಯ ನಾಯಿ. ನಾಯಿಯ ತನಕ ಕಾದು ಕೂತಿದ್ದೆ. ನನ್ನ ಹೆಸರು ಬರಲಿಲ್ಲ.

ಸೆಪ್ಟೆಂಬರ್ 26, ಗುರುವಾರ

ಪಾದ್ರಿಗಳು ಪ್ಯಾಂಟಿನ ಉದ್ದ ಕಡಿಮೆ ಮಾಡಿಸುವ ನೆಪದಲ್ಲಿ ಬಂದರು. ತರಗತಿ ಹೋಯಿತು ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಅಳತೆ ತೆಗೆದುಕೊಂಡೆ.

"ನಿಮ್ಮನ್ನ ಬಿಟ್ಟು ಆ ತರಗತಿ ತಗೊಳ್ಳಲ್ಲ ಅಂತಾರಮ್ಮ ಅವರು. ವಚನ ನೀವು, ಕೈಕೆಲಸ ಅವರು. ಏನಂತೀರಿ?"

ದೊಡ್ಡಸ್ತಿಕೆ ತೋರಿಸುತ್ತಾಳೆ. ಎಲ್ಲದರಲ್ಲೂ ಒಂದು ಕೈ ಮೇಲೆಯೇ ಇರಬೇಕು ಅವಳದು. "ಆಗ್ಲಿ," ಎಂದೆ. "ಆದ್ರೆ ಅಂಟು ಬೆಂಚಿಗೆ ಮೆತ್ತಬಾರದು."

ಸೆಪ್ಟೆಂಬರ್ 28, ಶನಿವಾರ

ಮಗಳು ಊರುಗೋಲು ಹಿಡಿದು ತನ್ನ ಮನೆಗೆ ಬಂದಳು. ಅಳಿಯ ಬಂದು ಗುಬ್ಬಿಯನ್ನು ಕರೆದುಕೊಂಡು ಹೋದ. ಬೆಳಗ್ಗೆಯೆಲ್ಲಾ ಗುಬ್ಬಿ ಬಾಗಿಲು ಹಾಕಿಕೊಂಡು, ನನ್ನ ಹತ್ತಿಯ ಮೂಟೆಯ ಹತ್ತಿರ ಏನೋ ಮಾಡುತ್ತಿದ್ದಳು. ಬೂದುಬಣ್ಣದ ಉಣ್ಣೆ ದಾರ ಬೇಕು ಎಂದು ತಾತನ ಬಾಯಲ್ಲಿ ಹೇಳಿಸಿದಳು. ಕೊಟ್ಟೆ. ಕತ್ತರಿಸಿಕೊಡಲಾ ಎಂದು ಕೇಳಲಿಲ್ಲ.

ಹೊರಡುವಾಗ ಸ್ಕೂಟರಿನ ಮೇಲೆ ಕೂತು, ಆರು ದಿನದ ಮೇಲೆ ಬಾಯಿ ಬಿಟ್ಟಳು. "ಅಜ್ಜಿ, ನಿನ್ನ ಕುರಿ ಈ ಮನೇಲೇ ಇದೆ. ಬಚ್ಚಿಟ್ಟಿದ್ದೀನಿ. ಹುಡುಕು."

"ಎಲ್ಲೇ?"

"ಹೇಳಲ್ಲ. ನೀನು ಹೇಳಿದ್ಯಾ?"

ಸೆಪ್ಟೆಂಬರ್ 29, ಭಾನುವಾರ

ಪರದೆ ಕೊಳೆಯಾಗಿದೆ ಎಂದು ಒಗೆಯಲು ತಂದಿದ್ದೇನೆ. ಅದು ಒಣಗಿ, ಇಸ್ತ್ರಿಯಾಗಿ ಮತ್ತೆ ಕಟ್ಟುವ ಹೊತ್ತಿಗೆ ಎಷ್ಟು ದಿನವಾಗುತ್ತದೋ, ಕೈಯಲ್ಲಿ ಬೇರೆ ಹೊಲಿಗೆ ಬೇಕಾದಷ್ಟಿದೆ.

ಕುರಿ ಸಿಕ್ಕಿಲ್ಲ. ಗುಂಡಿಗಳ ಡಬ್ಬಿಯನ್ನು ಮೊದಲು ನೋಡಿದೆ. ಮಷೀನಿನ ಕೆಳಗೆ, ಬಾಬಿನ್ ಪೆಟ್ಟಿಗೆ, ಇವರ ಬೂಟು, ದಿಂಬಿನ ಹೊಲಿಗೆ ಬಿಚ್ಚಿ ಒಳಗೂ ನೋಡಿದೆ. ಕೊನೆಗೆ ಮಾನ ಬಿಟ್ಟು ತಮ್ಮನ ಹೆಂಡತಿಗೆ ಫೋನ್ ಮಾಡಿದೆ. "ಎಲ್ಲಿದೆ ಅಂತ ಗೊತ್ತು ಅತ್ತಿಗೆ, ಗುಬ್ಬಿ ಹೇಳಿದಾಳೆ. ಆದ್ರೆ ನಾನು ಹೇಳಲ್ಲ," ಎಂದು ನಕ್ಕಳು. ಅವಳಿಗೆ ಹೇಳಿದ್ದಾಳೆ, ನನಗೆ ಹೇಳಿಲ್ಲ! ಫೋನ್ ಇಟ್ಟು ಮತ್ತೆ ಮೊದಲಿಂದ ಹುಡುಕಿದೆ.

ದೇವರೇ, ಎಲ್ಲಿಟ್ಟಿದ್ದಾಳೆ, ಒಂದು ಸುಳಿವಾದರೂ ಕೊಡಪ್ಪಾ, ಈ ಮಂಡಿಯಲ್ಲಿ ಎಷ್ಟು ಅಂತ ಬಗ್ಗಲಿ ಎಂದು ಬೆಳಗಿನಿಂದ ಎಷ್ಟು ಸಲ ಅಂದೆನೋ. ಇವರಿಗೂ ಕೇಳಿಸಿತೆಂದು ಕಾಣುತ್ತದೆ, "ಯಾರ ಹತ್ರ ಮಾತಾಡ್ತಿದ್ದೀಯೇ?" ಎಂದರು.

"ಯಾರ ಹತ್ರಾನೂ ಇಲ್ಲಾರೀ. ಆ ಬೀರು ಸ್ವಲ್ಪ ಸರಿಸಿ," ಎಂದೆ.

ಸರಿಸಿದರು. ಬೀರುವಿನ ಹಿಂದೆಯೂ ಇಲ್ಲ. ಇನ್ನು ಅಟ್ಟವೊಂದು ಬಾಕಿ. ಅಲ್ಲಿಗೆ ಗುಬ್ಬಿಯ ಕೈ ಎಟುಕುವುದಿಲ್ಲ, ಗೊತ್ತು. ಆದರೂ ಏಣಿ ಹಾಕಿಸಿದ್ದೇನೆ. ಇವರು ಕೆಳಗೆ ಹಿಡಿದುಕೊಂಡು ಕೂಗುತ್ತಿದ್ದಾರೆ, ಹೋಗಿ ನೋಡುತ್ತೇನೆ.